ಮೊದಲ ಯಾಲಕ್ಕಿ

ಬೆಳಗಿನ ಅಜಾನಿಗೆ ಮೊದಲು ಕೈಸರಳ ಕೈಯಲ್ಲಿ ಮುಗಿಯಬೇಕಾದ ಕೆಲಸಗಳು ಇವು. ನಳ ಬಂದಿದೆಯೇ ಎಂದು ಕಿವಿಗೊಟ್ಟು ಕೇಳುವುದು, ಬಂದಿದ್ದರೆ ಒಂದು ಬ್ಯಾರಲ್ಲು, ಏಳು ಕೊಡ ತುಂಬುವುದು. ಅತ್ತೆಯನ್ನು ಮಗ್ಗುಲು ಹೊರಳಿಸಿ ಬೆನ್ನಿಗೆ ಪೌಡರ್ ಹಾಕುವುದು, ಕೆಳಗಿನ ಬಟ್ಟೆ ಬದಲಿಸುವುದು, ಒದ್ದೆಯಾದದ್ದನ್ನು ಬಕೆಟ್ಟಿನಲ್ಲಿ ನೆನೆಹಾಕುವುದು. ಹನ್ನೆರಡು ರೊಟ್ಟಿ ಬಡಿಯುವುದು. ಮಗಳು ಹೀನಾಳ ಡಬ್ಬಿಗೆ ಪಲ್ಯ. ಗಂಡನಿಗೆ ಚಹಾ, ಕಣ್ಣು ಬಿಟ್ಟಾಗ ಒಮ್ಮೆ, ಹಾಸಿಗೆ ಬಿಟ್ಟಾಗ ಇನ್ನೊಮ್ಮೆ. ಅಂಗಳದ ಕಸ. ಕೊನೆಗೆ ಯಾಲಕ್ಕಿಯ ಡಬ್ಬಿಗಳ ಮುಚ್ಚಳ ಬಿಗಿಯಾಗಿದೆಯೇ ಎಂದು ಒಂದೊಂದನ್ನೂ ಒತ್ತಿ ನೋಡುವುದು. ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಯೆಂದರೆ ಅರ್ಧ ಮೆಣಸಿನಕಾಯಿ. ಒಂದು ಡಬ್ಬಿ ತೆರೆದೇ ಉಳಿದರೆ ಸಾಕು, ಯಾಲಕ್ಕಿ ಹಾರ ಹಾಕಿಕೊಂಡ ಮದುಮಗ ಅಕ್ಷತೆಯ ಹೊತ್ತಿಗೆ ಸೀನುತ್ತಾನೆ.

ಮೂರು ವಾರದಿಂದ ಈ ಕೆಲಸಗಳ ಜೊತೆಗೆ ಹೆದರಿಕೆಯೂ ಇದೆ. ಅದಕ್ಕೆ ಮಾತ್ರ ಹೊತ್ತುಗೊತ್ತು ಇಲ್ಲ. ರೊಟ್ಟಿ ಬಡಿಯುವಾಗಲೂ ಬರುತ್ತದೆ, ನೀರು ಹೊರುವಾಗಲೂ ಬರುತ್ತದೆ.

ಕೈಸರಳ ತವರು ಗುತ್ತಲ. ಅಪ್ಪ ಸಂತೆಯಲ್ಲಿ ಕೂತು ಕೊಡೆ, ಬೀಗ ರಿಪೇರಿ ಮಾಡುತ್ತಿದ್ದ. ಅವನ ಪಕ್ಕದಲ್ಲಿ ಕೊಡೆಯ ಕಡ್ಡಿಗಳಿಗೆ ದಾರ ಬಿಗಿದು ಬಿಗಿದು ಅವಳ ಬೆರಳುಗಳಿಗೆ ಗಂಟಿನ ಬುದ್ಧಿ ಬಂದಿತ್ತು. ಹತ್ತೊಂಬತ್ತಕ್ಕೆ ತೌಸಿಫ್‌ನನ್ನು ಮದುವೆಯಾಗಿ ಬ್ಯಾಡಗಿಗೆ ಬಂದಾಗ ಬಾಗಿಲ ಮೇಲೆ ‘ಯೂಸುಫಸಾಬ ಯಾಲಕ್ಕಿ ಹಾರ’ ಎಂಬ ಬೋರ್ಡಿತ್ತು. ಯೂಸುಫಸಾಬ ಅವಳ ಮಾವ. ಬದುಕಿದ್ದಷ್ಟು ದಿನ ಸೂಜಿಗೆ ದಾರ ಪೋಣಿಸಿದವನಲ್ಲ. ಕಸಬು ಅತ್ತೆ ಮೈಮುನಾಬಿಯದು. ಹಾವೇರಿಯ ತವರಿನಿಂದ ಅವಳು ತಂದದ್ದು ಎರಡು ಸೀರೆ, ಒಂದು ತಾಮ್ರದ ಚರಿಗೆ ಮತ್ತು ಈ ವಿದ್ಯೆ. ಚರಿಗೆಯ ಮೇಲೆ ಗಂಡನ ಹೆಸರು ಕೊರೆಸಿದರು, ವಿದ್ಯೆಯ ಮೇಲೂ ಅವನದೇ ಹೆಸರು ಬರೆಸಿದರು.

ಹಾರ ಆಗುವುದು ಸುಮ್ಮನೆ ಅಲ್ಲ. ಗಾತ್ರ ನೋಡಿ ಕಾಯಿ ಆರಿಸಬೇಕು. ನೆನೆಸಿ, ತೊಳೆದು, ಬೆಳ್ಳಗಾಗಿಸಿ, ಒಣಗಿಸಬೇಕು. ತುದಿಯ ಕಡ್ಡಿ ಕತ್ತರಿಸಿ, ಸಿಪ್ಪೆ ಸೀಳದ ಹಾಗೆ ಸೂಜಿ ಹಾಯಿಸಬೇಕು. ಐದೆಳೆಯ ಒಂದು ಹಾರಕ್ಕೆ ಮೂರು ದಿನ ಬೇಕು, ಆ ಮೂರು ದಿನಗಳನ್ನೂ ಒಲೆ, ನೀರು, ಬಟ್ಟೆಗಳ ಮಧ್ಯೆ ಕದಿಯಬೇಕು. ಹೀನಾಳ ಜಡೆ ಹೆಣೆಯುತ್ತಿದ್ದಾಗ ಒಂದು ದಿನ ಕೈಸರಳಿಗೆ ಹೊಳೆದ ಹೆಣಿಗೆಯಿದೆ. ಅದರಲ್ಲಿ ಕಾಯಿಗಳು ಜೋಳದ ತೆನೆಯ ಹಾಗೆ ಒಂದರ ಮೇಲೊಂದು ಒರಗುತ್ತವೆ, ದಾರ ಕಾಣುವುದೇ ಇಲ್ಲ. ಆ ‘ತೆನಿ ಹಾರ’ಕ್ಕಾಗಿ ರಾಣೇಬೆನ್ನೂರು, ಹಾವೇರಿಗಳಿಂದ ಜನ ಹುಡುಕಿಕೊಂಡು ಬರುತ್ತಾರೆ.

ಬಂದವರು ಹೊಗಳುವುದು ಮಾತ್ರ ಮೈಮುನಾಬಿಯ ಕೈಗುಣವನ್ನು. ಈ ಮನೆಯ ಪದ್ಧತಿಯೇ ಹಾಗೆ. ಗಿರಾಕಿ ಮನೆಗೆ ಬಂದು ಚಾಪೆಯ ಮೇಲೆ ಕೂರಬೇಕು, ಅವರ ಕಣ್ಣೆದುರು ಮೈಮುನಾಬಿ ‘ಬಿಸ್ಮಿಲ್ಲಾ’ ಎಂದು ಮೊದಲ ಯಾಲಕ್ಕಿ ಪೋಣಿಸಬೇಕು. ಅಲ್ಲಿಗೆ ಅತ್ತೆಯ ಕೆಲಸ ಮುಗಿಯಿತು, ಸೂಜಿ ಕೆಳಗಿಟ್ಟು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಉಳಿದ ಎಂಟುನೂರು ಕಾಯಿ ಕೈಸರಳವು. ಎಲೆಕ್ಷನ್ನಿನಲ್ಲಿ ಎರಡು ಸಲ ಠೇವಣಿ ಕಳೆದುಕೊಂಡವನೊಬ್ಬ ಆ ಹಾರ ಹಾಕಿಕೊಂಡು ಮೂರನೆಯ ಸಲ ಆರಿಸಿ ಬಂದ ಮೇಲಂತೂ ಮೈಮುನಾಬಿಯ ಕೈಯನ್ನು ಜನ ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ.

ಪಕ್ಕದ ಮನೆಯ ಶೇಖವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುವವಳು. ನಾಲಿಗೆಗೂ ಅದೇ ಖಾರ. “ಒಂದ ಯಾಲಕ್ಕಿ ಪೋಣಿಸಿದಾಕಿ ಕೈ ಬಂಗಾರ, ಎಂಟನೂರ ಪೋಣಿಸಿದಾಕಿ ಕೈಯಾಗ ಬರೇ ತೂತು. ನಿಮ್ಮ ಮನಿ ನ್ಯಾಯ ನನಗ ತಿಳಿವಲ್ದ ನೋಡ ಕೈಸರವ್ವಾ,” ಎಂದು ನಗುತ್ತಿದ್ದಳು.

ಕೈಸರ ನಗುತ್ತಿರಲಿಲ್ಲ. ಒಮ್ಮೆ ಮೊದಲ ಕಾಯಿಯನ್ನು ಅವಳೂ ಪೋಣಿಸಿದ್ದಳು. ಮದುವೆಯಾದ ವರ್ಷ. ಅತ್ತೆ ಅಣ್ಣನ ಮಣ್ಣಿಗೆಂದು ಹಾವೇರಿಗೆ ಹೋಗಿದ್ದಳು. ಮೆಣಸಿನಕಾಯಿ ದಲಾಲರ ಮನೆಯ ವೀರೇಂದ್ರನ ಮದುವೆ ಮರುದಿನವೇ ಇತ್ತು, ಹಾರ ಬೇಕೇ ಬೇಕೆಂದು ಜನ ಬಾಗಿಲಲ್ಲಿ ನಿಂತಿದ್ದರು. ಹೊಸ ಸೊಸೆ ಬಿಸ್ಮಿಲ್ಲಾ ಎಂದು ಕೂತಳು, ಸಂಜೆಗೆ ಒಂದೆಳೆಯ ಹಾರ ಮುಗಿಸಿದಳು. ಮದುವೆ ಮುಗಿಸಿಕೊಂಡು ಬರುವಾಗ ಮೋಟೆಬೆನ್ನೂರಿನ ಹತ್ತಿರ ಜೀಪು ಮಗುಚಿತು. ಹಾರ ಇನ್ನೂ ಕೊರಳಲ್ಲೇ ಇತ್ತಂತೆ. ವೀರೇಂದ್ರನ ಬಲಗಾಲು ಹೋಯಿತು.

ಮನೆಯಲ್ಲಿ ಯಾರೂ ಬೈಯಲಿಲ್ಲ. ಓಣಿಯಲ್ಲಿ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಆದರೆ ಅರಿಸಿನ ಹಚ್ಚುವಾಗ ಮೊದಲಿಗೆ ಅವಳನ್ನು ಕರೆಯುವುದು ನಿಂತಿತು. ಉಪ್ಪಿನಕಾಯಿ ಹಾಕುವವರು ಅವಳು ಬಂದರೆ ಭರಣಿಯ ಮೇಲೆ ತಟ್ಟೆ ಮುಚ್ಚುತ್ತಿದ್ದರು. ಕಡೆಗೆ ಅವಳೇ ನಂಬಿದಳು. ಡಬ್ಬದಲ್ಲಿ ಕೊತ್ತಂಬರಿ ಬಿತ್ತಬೇಕಾದರೂ ಮೊದಲ ಕಾಳು ಹಾಕಲು ಹೀನಾಳನ್ನು ಕೂಗುತ್ತಾಳೆ. ಪೇಟೆಯ ದಿನ ವೀರೇಂದ್ರ ಈ ಓಣಿಯಿಂದಲೇ ಹಾಯುತ್ತಾನೆ. ಊರುಗೋಲು ಟಕ್ ಎಂದರೆ ಇಪ್ಪತ್ತೊಂದು ವರ್ಷಗಳಾದರೂ ಕೈಸರ ಸೂಜಿ ಬಿಟ್ಟು ಒಳಗೆ ಸರಿಯುತ್ತಾಳೆ.

ಮೂರು ವಾರದ ಹಿಂದೆ ಚಾಪೆಯ ಮೇಲೆ ಕೂತಿದ್ದಾಗಲೇ ಮೈಮುನಾಬಿಯ ಬೆರಳಿಂದ ಸೂಜಿ ಜಾರಿ ಬಿತ್ತು. ಎತ್ತಿಕೊಳ್ಳಲು ಕೈ ಏಳಲಿಲ್ಲ. ಬಲಗಡೆ ಲಕ್ವ. ಕೈ ತಿರುಗಿ ಬಂದರೂ ಬಂತು, ಇಲ್ಲವಾದರೆ ಇಲ್ಲ ಎಂದರು ಡಾಕ್ಟರು. ತೌಸಿಫ್ ಓಣಿಗೆಲ್ಲ “ಅಮ್ಮಿಗೆ ಥಂಡಿ ಆಗೇತಿ” ಎಂದು ಹೇಳಿ ಬಾಗಿಲು ಎಳೆದುಕೊಂಡ.

ಈ ವಾರ ರಾಣೇಬೆನ್ನೂರಿನ ಶೈಲಶ್ರೀ ಫೋನು ಮಾಡಿದರು. ಬೀಜದ ವ್ಯಾಪಾರದ ಮನೆಯವರು. ಮಗಳು ಶಿಲ್ಪಾಳ ಲಗ್ನ, ಎರಡು ತೆನಿ ಹಾರ ಬೇಕು. “ಹುಡಿಗಿಗೆ ಎರಡು ಸಲ ನಿಶ್ಚಯ ಆಗಿ ಮುರದೈತ್ರಿ. ಈ ಸಲ ನನ್ನ ಎದಿ ಡವಡವ ಅನ್ನಾಕತ್ತೈತಿ. ಮೈಮುನಮ್ಮನ ಕೈನ ಬೇಕ್ರಿ. ಗುರುವಾರ ಹತ್ತಕ್ಕ ನಾನ ಬಂದು ಎದುರಿಗೆ ಕುಂದರತೀನಿ.”

ತೌಸಿಫ್ ಹೂಂ ಎಂದುಬಿಟ್ಟ. ಬುಧವಾರ ಸಂಜೆ ನಡುಮನೆಗೆ ಅಡ್ಡಲಾಗಿ ಒಂದು ಚಾದರ ಕಟ್ಟಿದ. ಅಮ್ಮಿಯನ್ನು ದಿಂಬಿಗೆ ಆನಿಸಿ ಅದರ ಅಂಚಿಗೆ ಕೂರಿಸಿದ. ಮುಖ ಮತ್ತು ಎಡಭಾಗ ಹೊರಗೆ, ಬಲಭಾಗ ಚಾದರದ ಹಿಂದೆ.

“ನೀ ಹಿಂದ ಕುಂದರು. ಅಮ್ಮಿ ಸೆರಗಿನ ಕೆಳಗಿಂದ ನಿನ್ನ ಕೈ ಹೊರಗ ಬರಲಿ. ಒಂದ ಕಾಯಿ ಪೋಣಿಸೂದು, ಒಳಗ ಎಳಕೊಳ್ಳೂದು. ಬಳಿ ಅಮ್ಮಿವು ಹಾಕ್ಕೋ, ಅವರಿಗೆ ಗುರುತ ಅದಾವ.”

“ಗೊತ್ತಾದ್ರ?”

“ಹೆಂಗ ಗೊತ್ತಾಕ್ಕೈತಿ? ಥಂಡಿಗೆ ಅಮ್ಮಿ ಗಂಟಲ ಕಟ್ಟೈತಿ ಅಂತೀನಿ. ನೀ ಬಾಯಿ ಮುಚಕೊಂಡಿದ್ರ ಆತು.”

“ಮುಂದ ಆ ಹುಡಿಗಿಗೆ ಏನರ ಆದ್ರ?”

ತೌಸಿಫ್ ಅವಳ ಕೈಯನ್ನೊಮ್ಮೆ ನೋಡಿದ, ಚಾದರದ ಗಂಟು ಬಿಗಿಗೊಳಿಸಿದ. ಕೈಸರ ಅತ್ತೆಯ ಬಳೆ ಹಾಕಿಕೊಂಡು ಒಮ್ಮೆ ಕೈ ಹೊರಚಾಚಿ ನೋಡಿದಳು. ಸೆರಗಿನ ಕೆಳಗಿಂದ ಬಂದ ಆ ಕೈ ತನ್ನದು ಅನಿಸಲಿಲ್ಲ, ಅತ್ತೆಯದೂ ಅನಿಸಲಿಲ್ಲ. ಸತ್ತ ಯಾರದೋ ಕೈಯೊಂದು ಚಾಪೆಯ ಮೇಲೆ ಹರಿದಾಡಿದಂತಾಗಿ ಸಟಕ್ಕನೆ ಒಳಗೆ ಎಳೆದುಕೊಂಡಳು.

ಗುರುವಾರ ನಸುಕಿಗೆ ಅತ್ತೆಯ ಬಟ್ಟೆ ಬದಲಿಸುತ್ತಿದ್ದಾಗ ಮೈಮುನಾಬಿ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದಳು. ಮಾತು ಒಂದು ಕಡೆಗೆ ಎಳೆಯುತ್ತಿತ್ತು.

“ವೀರೇಂದ್ರನ ಹಾರ... ನಿಂದಲ್ಲ.”

“ಏನ್ರಿ ಅಮ್ಮಿ?”

“ಆವತ್ತ ಕಡೀ ಬಸ್ಸಿಗೆ ಹೊಳ್ಳಿ ಬಂದೆ. ನೀ ಮಲಗಿದ್ದಿ. ಗಂಟು ಸಡ್ಲ ಇದ್ವು. ಎಲ್ಲಾ ಬಿಚ್ಚಿ ಹೊಸದಾಗಿ ಪೋಣಿಸಿದೆ. ಮೊದಲ್ನೇದು ನಾನ ಹಾಕಿದ್ದು.”

ಕೈಸರಳ ಕೈಯಲ್ಲಿ ಒದ್ದೆ ಬಟ್ಟೆ ಹಾಗೆಯೇ ಉಳಿಯಿತು. “ಇಷ್ಟ ವರ್ಷ ಯಾಕ ಹೇಳಲಿಲ್ರಿ?”

“ಹೆದರಿದೆ. ನನ್ನ ಕೈ ಕೆಟ್ಟತಿ ಅಂದಿದ್ರ ಈ ಮನ್ಯಾಗ ನನಗೇನಿತ್ತ ಬೇಟಿ? ಬೋರ್ಡಿನ ಮ್ಯಾಲೆ ಹೆಸರೂ ಇಲ್ಲ.” ಕಣ್ಣಂಚಿನಿಂದ ನೀರಿಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಇನ್ನೊಂದು ಕೈಯಿರಲಿಲ್ಲ. ಕೈಸರಳೇ ಒರೆಸಿದಳು, ಯಾಕೆಂದರೆ ಆ ಮನೆಯಲ್ಲಿ ಒರೆಸುವವಳು ಅವಳೊಬ್ಬಳೇ.

ಸಿಟ್ಟು ಬರಬೇಕಿತ್ತು. ರೊಟ್ಟಿ ಬಡಿಯುತ್ತ ಅದಕ್ಕಾಗಿ ಕಾದಳು. ಬಂದದ್ದು ಬೇರೆ. ಕೆಟ್ಟದ್ದು ತನ್ನ ಕೈಯಲ್ಲಿರಲಿಲ್ಲ ಎಂದರೆ ಒಳ್ಳೆಯದು ಅತ್ತೆಯ ಕೈಯಲ್ಲೂ ಇರಲಿಲ್ಲ. ಆರಿಸಿ ಬಂದವನು ಸುಮ್ಮನೆ ಆರಿಸಿ ಬಂದ, ಜೀಪು ಸುಮ್ಮನೆ ಮಗುಚಿತು. ಮೊದಲ ಯಾಲಕ್ಕಿ ಕಾಯುತ್ತದೆ ಎಂಬ ಧೈರ್ಯದ ಮೇಲೆ ಅವಳು ಇಷ್ಟು ವರ್ಷ ಉಳಿದ ಎಂಟುನೂರನ್ನು ಪೋಣಿಸುತ್ತ ಬಂದಿದ್ದಳು. ಈಗ ಕಾಯುವುದು ಏನೂ ಇಲ್ಲ. ಉಳಿದದ್ದು ಗಂಟು, ದಾರ, ಮತ್ತು ಅವಳ ಕಣ್ಣು. ಹಾರ ಚೆನ್ನಾದರೆ ಅದು ಅವಳದು. ಶಿಲ್ಪಾಳ ದಿಬ್ಬಣವೂ ಅದೇ ಮೋಟೆಬೆನ್ನೂರಿನ ರಸ್ತೆಯಲ್ಲಿ ಹೋಗಬೇಕು. ಅಲ್ಲಿ ಏನಾದರೂ ಆದರೆ ಜನ ಯಾರ ಕೈ ಹುಡುಕುತ್ತಾರೆ ಎಂಬುದೂ ಅವಳಿಗೆ ಗೊತ್ತು. ಒಂದು ರೊಟ್ಟಿ ಹಂಚಿನ ಮೇಲೆ ಸೀದು ಕರಿಯಾಯಿತು.

ಹೀನಾ ಸಾಲೆಗೆ ಹೋದಳು. ಒಂಬತ್ತೂವರೆಗೆ ತೌಸಿಫ್ ಕಾರಿಗೆ ದಾರಿ ತೋರಿಸಲು ಪೇಟೆಯ ತಿರುವಿನ ಕಡೆ ಹೊರಟ. ಬಾಗಿಲಲ್ಲಿ ನಿಂತು, “ಅಮ್ಮಿನ್ನ ಕುಂದರಿಸಿ, ಬಳಿ ಹಾಕ್ಕೊಂಡು ಹಿಂದ ಕುಂತಬಿಡು. ಕೆಮ್ಮಬ್ಯಾಡ ಮತ್ತ,” ಎಂದ.

ಅತ್ತೆ ಕಣ್ಣು ಮುಚ್ಚಿದ್ದಳು. ನಿದ್ದೆಯೋ, ನಿದ್ದೆಯ ಹಾಗೆಯೋ. ಬಳೆಗಳು ಚಹಾದ ಬಸಿಯಲ್ಲಿದ್ದವು. ಚಾದರ ಗಾಳಿಗೆ ಒಳಗೂ ಹೊರಗೂ ಉಬ್ಬುತ್ತಿತ್ತು, ಹಿಂದೆ ಆಗಲೇ ಯಾರೋ ಕೂತಿರುವ ಹಾಗೆ. ಕೈಸರ ಬಳೆಯೊಂದನ್ನು ಬೆರಳುಗಳವರೆಗೆ ಏರಿಸಿದಳು. ಇಲ್ಲ ಅಂದರೆ ಶೈಲಶ್ರೀ ಎದ್ದು ಹೋಗುತ್ತಾರೆ, ಸಂಜೆಗೆ ಊರಿಗೆಲ್ಲ ಸುದ್ದಿ ಆಗುತ್ತದೆ, ತೌಸಿಫ್ ಏನು ಮಾಡುತ್ತಾನೋ. ಹೂಂ ಅಂದರೆ ಅತ್ತೆ ಇರುವಷ್ಟು ದಿನ ಚಾದರದ ಹಿಂದೆ, ಅತ್ತೆ ಹೋದ ಮೇಲೆ ಇನ್ನಾರದೋ ಹಿಂದೆ.

ಬಳೆಯನ್ನು ಬಸಿಗೆ ಹಾಕಿದಳು. ಸ್ಟೂಲು ಹತ್ತಿ ಚಾದರದ ಗಂಟು ಬಿಚ್ಚಿದಳು. ಮಡಚಿ ಇಟ್ಟರೆ ತೌಸಿಫ್ ಮತ್ತೆ ಕಟ್ಟುತ್ತಾನೆ. ಬಚ್ಚಲಿಗೆ ಒಯ್ದು, ಬೆಳಿಗ್ಗೆ ಅತ್ತೆಯ ಬಟ್ಟೆ ನೆನೆಹಾಕಿದ್ದ ಬಕೆಟ್ಟಿನೊಳಗೆ ಅದುಮಿದಳು. ಮೇಲೆ ಎರಡು ಚಮಚ ಸೋಪಿನ ಪುಡಿ ಹಾಕಿ, ಚಾದರದ ಮೂಲೆಮೂಲೆಯೂ ನೀರು ಕುಡಿಯುವವರೆಗೆ ಎರಡೂ ಕೈಯಿಂದ ಒತ್ತಿ ಹಿಡಿದಳು. ಮನೆಯಲ್ಲಿ ಒಣಗಿದ ಚಾದರ ಇನ್ನೊಂದಿರಲಿಲ್ಲ.

ಕೈ ಒರೆಸಿಕೊಂಡು ಬರುವಷ್ಟರಲ್ಲಿ ಫೋನು ರಿಂಗಾಗತೊಡಗಿತು. ತೌಸಿಫ್. ಎತ್ತಲಿಲ್ಲ. ಡಬ್ಬಿ ತೆಗೆದು ಚಾಪೆಯ ಮೇಲೆ ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕೂತಳು. ಸೂಜಿಗೆ ದಾರ ಪೋಣಿಸಲು ಹೋದರೆ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲ ಹೋಯಿತು. ಓಣಿಯಲ್ಲಿ ಕಾರಿನ ಬಾಗಿಲು ತೆರೆದ ಸದ್ದಾಯಿತು. ಕೈಸರ ತನ್ನ ಮಣಿಕಟ್ಟಿನ ಎರಡು ಗಾಜಿನ ಬಳೆಗಳನ್ನು ಹಿಂದಕ್ಕೆ ಸರಿಸಿ, ಡಬ್ಬಿಯಿಂದ ಒಂದು ಯಾಲಕ್ಕಿ ಆರಿಸಿಕೊಂಡು ಬಾಗಿಲ ಕಡೆಗೆ ಮುಖ ಮಾಡಿದಳು.