ಕೊನೆಯ ಪ್ಯಾರಾ ಮತ್ತು ಗಿರಿಜವ್ವನ ಆರು ಚೀಲ

ಗುರುವಾರ ಸಂಜೆಯಿಂದ ನಾನು ಆಕಾಶ ನೋಡುತ್ತಿದ್ದೇನೆ. ಕಾಲೇಜಿಗೆ ಹೋಗುವಾಗ ನೋಡುತ್ತೇನೆ, ಪಾಠ ಮಾಡುತ್ತ ಕಿಟಕಿಯಲ್ಲೂ ನೋಡುತ್ತೇನೆ. ಹಾವೇರಿಯ ನಮ್ಮ ಓಣಿಯಲ್ಲಿ ಒಬ್ಬರು ಕೇಳಿಯೂ ಬಿಟ್ಟರು, "ಏನ್ ಸರ್, ವಿಮಾನ ಬರೂದೈತೇನ್ರಿ?"

ವಿಮಾನವಲ್ಲ, ಮೋಡ. ಈ ದಿನಗಳಲ್ಲಿ ಬರಬಾರದ ಮೋಡ.

ಶುರುವಾದದ್ದು ಒಂದು ಫೋನಿನಿಂದ. ಮೇಡ್ಲೇರಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗ ಶಿವಪ್ಪಣ್ಣ ಗುರುವಾರ ಬ್ಯಾಡಗಿ ಮಾರ್ಕೆಟ್ಟಿನಿಂದ ಫೋನ್ ಮಾಡಿದ. (ಇನ್‌ಕಮಿಂಗ್ ಫ್ರೀ ಆದ ಮೇಲೆ ಅವನೂ ಮೊಬೈಲ್ ಇಟ್ಟಿದ್ದಾನೆ. ತಾನಾಗಿ ಮಾಡಿದನೆಂದರೆ ಏನೋ ಆಗಿದೆ ಎಂದೇ ಅರ್ಥ.)

"ತಮ್ಮಾ, ನಮ್ಮ ಬಾಜೂ ಹೊಲದ ಗಿರಿಜವ್ವ ಟೆಂಡರ್ ಒಲ್ಲೆ ಅಂದ್ಳು. ಪೇಪರಿನ್ಯಾಗ ನೀ ಬರದೀಯಂತ, ರೇಟು ಏರತೈತಿ ಅಂತ."

ಹಳೆಯ ಪೇಪರಿನ ಕಟ್ಟು ಬಿಚ್ಚಿದೆ.

ನಿಮಗೆ ನೆನಪಿರಬಹುದು. ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಮೆಣಸಿನಕಾಯಿಯ ಬಗ್ಗೆ ಬರೆದಿದ್ದೆ. ಅವ್ವ ಖಾರ ಕುಟ್ಟುತ್ತಿದ್ದದ್ದು, ಓಣಿಯೆಲ್ಲ ಸೀನುತ್ತಿದ್ದದ್ದು, ಅಂಥದ್ದೇ. ಕೊನೆಗೆ ಒಂದು ಪ್ಯಾರಾ: "ಈ ಸಲ ಹಿಡಿದಿಟ್ಟುಕೊಂಡವರೇ ಜಾಣರು. ಯುಗಾದಿಯೊಳಗೆ ಬ್ಯಾಡಗಿಯ ಕೆಂಪು ಬಂಗಾರವಾಗಲಿದೆ."

ಆಧಾರ? ಸ್ಟೇಷನ್ ಎದುರಿನ ಚಹದಂಗಡಿಯಲ್ಲಿ ಯಾರೋ ಇಬ್ಬರು ಆಡಿದ ಮಾತು. ಜೊತೆಗೆ, ಲೇಖನ ಮುಗಿಸಲು ನನಗೊಂದು ಚಂದದ ಸಾಲು ಬೇಕಿತ್ತು.

ಪೇಪರಿನ ಡೆಸ್ಕಿನ ಹುಡುಗಿ ಅಂದೇ ಫೋನ್ ಮಾಡಿದ್ದಳು. "ಸರ್, ಕೊನೆಯ ಪ್ಯಾರಾ ಸ್ವಲ್ಪ ಸ್ಪೆಕ್ಯುಲೇಟಿವ್ ಅನಿಸುತ್ತೆ. ತೆಗೀಲಾ?" ಇರಲಿ ಬಿಡಮ್ಮ, ಅಂಕಣಕ್ಕೆ ಅಷ್ಟು ಒಗ್ಗರಣೆ ಬೇಕು ಎಂದು ನಕ್ಕಿದ್ದೆ. ಗುರುವಾರ ಶಿವಪ್ಪಣ್ಣ ಫೋನ್ ಇಟ್ಟ ಮೇಲೆ ಡಿಕ್ಷನರಿ ತೆಗೆದು ಆ ಪದ ನೋಡಿದೆ. ಎರಡು ಅರ್ಥ ಕೊಟ್ಟಿದ್ದರು. ಬರೀ ಊಹೆಯಿಂದ ಹೇಳಿದ್ದು ಎಂಬುದು ಒಂದು. ಲಾಭದ ಆಸೆಯಿಂದ ನಷ್ಟಕ್ಕೂ ತಯಾರಾಗಿ ಮಾಡಿದ್ದು ಎಂಬುದು ಇನ್ನೊಂದು. ಮೊದಲನೆಯದು ನಾನು ಕುರ್ಚಿಯಲ್ಲಿ ಕೂತು ಮಾಡಿದ ಕೆಲಸ. ಎರಡನೆಯದು ಗಿರಿಜವ್ವನ ಪಾಲಿಗೆ ಹೋಗಿತ್ತು.

ಬ್ಯಾಡಗಿಯ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಸೋಮವಾರ, ಗುರುವಾರ ಮಾರ್ಕೆಟ್. ದಲಾಲಿ ಅಂಗಡಿಯ ಮುಂದೆ ಚೀಲ ಬಿಚ್ಚಿಟ್ಟಿರುತ್ತಾರೆ. ವ್ಯಾಪಾರಿಗಳು ಕೈಹಾಕಿ, ಕಾಯಿ ಮುರಿದು ನೋಡಿ, ಒಬ್ಬರದು ಒಬ್ಬರಿಗೆ ಕಾಣದಂತೆ ಚೀಟಿಯಲ್ಲಿ ರೇಟು ಬರೆದು ಟೆಂಡರ್ ಹಾಕುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ಆದರೆ ರೈತ ಒಪ್ಪಬೇಕು. ಒಲ್ಲೆ ಎಂದರೆ ಮುಂದಿನ ಮಾರ್ಕೆಟ್‌ವರೆಗೆ ಕಾಯಬೇಕು.

ಗಿರಿಜವ್ವ ಒಲ್ಲೆ ಎಂದಿದ್ದಳು. ಅವತ್ತೇ ಸಂಜೆ ಮೋಡ ಕಟ್ಟಿತು. ಒಮ್ಮೆ ತೊಯ್ದರೆ ಮೆಣಸಿನಕಾಯಿಯ ಬಣ್ಣ ಹೋಗುತ್ತದೆ. ಬಣ್ಣ ಹೋದ ಮೇಲೆ ಅದನ್ನು ಬ್ಯಾಡಗಿ ಎಂದು ಯಾರು ಕೊಳ್ಳುತ್ತಾರೆ?

ಮನೆಯಲ್ಲಿ ಕೂತಿರಲಾಗದೆ ಭಾನುವಾರ ಬ್ಯಾಡಗಿಯ ಬಸ್ ಹತ್ತಿದೆ. ಮೋಟೆಬೆನ್ನೂರು ದಾಟುವಾಗ ಕಿಟಕಿಯ ಗಾಜಿಗೆ ಎರಡು ಹನಿ ಬಿತ್ತು. ಪಕ್ಕದವನು ಗೊರಕೆ ಹೊಡೆಯುತ್ತಿದ್ದ. ನಾನು ಒಳಗಿನಿಂದಲೇ ಗಾಜು ಒರೆಸಿದೆ.

ಬರುತ್ತೇನೆಂದು ಹೇಳಿದ್ದರಿಂದ ಶಿವಪ್ಪಣ್ಣ ಮೇಡ್ಲೇರಿಯಿಂದ ಬಂದು ಸ್ಟ್ಯಾಂಡಿನಲ್ಲಿ ಕಾದಿದ್ದ. "ನಿನ್ನ ಮಾಲೂ ಹಿಡದೀಯೇನಣ್ಣಾ?" ಎಂದು ಅಂಜುತ್ತಲೇ ಕೇಳಿದೆ.

"ನಂದು ಗುರುವಾರನ ಕೊಟ್ಟು ಬಿಟ್ಟೆ."

"ನಾನು ಬರದದ್ದು ಓದಿರಲಿಲ್ಲೇನು?"

"ಓದಿದ್ದೆ. ಅದಕ್ಕ ಕೊಟ್ಟೆ. ಗೊತ್ತಿದ್ದವ್ರು ಪೇಪರಿನ್ಯಾಗ ಯಾಕ ಬರೀತಾರ ತಮ್ಮಾ? ಮಾಲು ಹಿಡ್ಕೊಂಡು ಸುಮ್ಮನ ಕುಂದರ್ತಾರ."

ಇಪ್ಪತ್ತು ವರ್ಷದ ನನ್ನ ಬರವಣಿಗೆಗೆ ಇಷ್ಟು ಚಿಕ್ಕ ವಿಮರ್ಶೆ ಯಾರೂ ಬರೆದಿರಲಿಲ್ಲ.

ದಲಾಲಿ ಅಂಗಡಿಯೊಳಗೆ ಜಾಗವಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ತೂತು ಬಿದ್ದ ತಾಡಪತ್ರಿಯ ಕೆಳಗೆ ಆರು ಚೀಲ. ಪಕ್ಕದಲ್ಲಿ ಗಿರಿಜವ್ವ. ಅರವತ್ತರ ಹತ್ತಿರದ ಹೆಂಗಸು, ಗುರುವಾರದಿಂದ ಊರಿಗೆ ಹೋಗಿಲ್ಲ. ಕಳೆದ ಮಳೆಗಾಲದಲ್ಲಿ ಅವಳ ಮಣ್ಣಿನ ಮಾಳಿಗೆ ಸೋರಿ ಒಂದು ಮೂಲೆ ಕುಸಿದಿತ್ತಂತೆ. ಈ ಮಾಲು ಮಾರಿ, ಜೂನ್ ಬರುವುದರೊಳಗೆ ಹಂಚು ಹೊದಿಸಬೇಕು. ಇನ್ನೊಂದಿಷ್ಟು ರೇಟು ಸಿಕ್ಕರೆ ಪೂರ್ತಿ ಮನೆಗೇ ಹಂಚು ಬರುತ್ತದೆ ಎಂದು ಕಾದಿದ್ದಳು. ಎಲೆ ಅಡಿಕೆಯ ಸಂಚಿಯಿಂದ ಮಡಿಸಿದ ಪೇಪರಿನ ತುಂಡು ತೆಗೆದು ನನ್ನ ಫೋಟೋ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಕುಂದ್ರರಿ ಸಾಹೇಬ್ರ. ಫೋಟೋದಾಗ ಭಾಳ ಧೈರ್ಯ ಕಾಣ್ತೀರಿ."

"ಯವ್ವಾ, ನಾ ಬರದದ್ದು ಅಂದಾಜಿನ ಮಾತು. ನನಗೇನೂ ಗೊತ್ತಿರಲಿಲ್ಲ. ನಾಳೆ ಟೆಂಡರ್ ಎಷ್ಟಕ್ಕ ಬಂದ್ರೂ ಕೊಟ್ಟು ಬಿಡ್ರಿ" ಎಂದೆ. ಹೇಳುವಾಗ ನಾಚಿಕೆಯಾಯಿತು, ಹೇಳಿದ ಮೇಲೆ ಇನ್ನೂ ಹೆಚ್ಚಾಯಿತು.

ಅವಳು ಸಿಟ್ಟಾಗಲಿಲ್ಲ. "ಇದು ಗೊತ್ತಿದ್ದು ಹೇಳಾಕತ್ತೀರೋ, ಇದೂ ಅಂದಾಜಿನ್ದೋ?" ಎಂದು ಕೇಳಿದಳು.

ನಾಳೆ ಮಾರಿದ ಮೇಲೆ ಗುರುವಾರ ರೇಟು ಏರಿದರೆ? ಕಾದು ಕೂತು ರಾತ್ರಿಯೇ ಮಳೆ ಬಂದರೆ? ತಲೆ ಎತ್ತಿದೆ. ಅಂಗಡಿಗಳ ತಗಡಿನ ಚಾವಣಿಯ ಸಾಲಿನಾಚೆ ಮೋಡ ಹಾಗೇ ನಿಂತಿತ್ತು.

ಅವಳು ಎದ್ದು ತಾಡಪತ್ರಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಎಳೆದು ಕಟ್ಟಿದೆವು. ತೂತು ಚೀಲದ ಮೇಲಿನಿಂದ ಸರಿದು ಗೋಡೆಯ ಕಡೆ ಹೋಯಿತು.

"ಅಂದಾಜು ಮಾಡೂದು ತಪ್ಪಲ್ಲರಿ," ಎಂದಳು ಗಂಟು ಬಿಗಿಯುತ್ತ. "ವ್ಯಾಪಾರಿನೂ ಅಂದಾಜಿನ ಮ್ಯಾಲನ ಚೀಟಿ ಬರೀತಾನ. ಆದ್ರ ಅಂವ ತನ್ನ ರೊಕ್ಕ ಇಟ್ಟು ಬರೀತಾನ. ನಾ ಆರು ಚೀಲ ಇಟ್ಟೇನಿ. ನೀವೇನ ಇಟ್ಟು ಬರದೀರಿ, ಸಾಹೇಬ್ರ?"