ಮುರಕ್ಕಬಾತ್‌ನ ಎಳೆಪಾಕ

ತೊಂಬತ್ತರ ದಶಕದ ಕೊನೆಗೆ ದುಬೈಗೆ ಬಂದಾಗ ನನ್ನ ವೀಸಾದಲ್ಲಿ ಉದ್ಯೋಗದ ಜಾಗದಲ್ಲಿ ‘ಹೌಸ್‌ವೈಫ್’ ಎಂದು ಅಚ್ಚಾಗಿತ್ತು. ಮೈಸೂರಿನಲ್ಲಿ ಆರು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಬೀದಿಯೆಲ್ಲ ‘ಮಿಸ್’ ಎನ್ನುತ್ತಿತ್ತು. ದುಬೈನ ಮುರಕ್ಕಬಾತ್ ಬಡಾವಣೆಯ ನಮ್ಮ ಬಿಲ್ಡಿಂಗಿನಲ್ಲಿ ಬರೀ ‘ಅಕೌಂಟೆಂಟ್ ಸಾರ್ ಹೆಂಡತಿ’. ಮೈಯೆಲ್ಲ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಮೂರನೇ ಬೇಸಿಗೆಯಲ್ಲಿ ಬಿಲ್ಡಿಂಗ್ ಮಾಲೀಕರು ತಮ್ಮ ತೋಟದ ಖರ್ಜೂರವನ್ನು ಮನೆಮನೆಗೆ ಹಂಚಿದರು. ತಿಂದು ಮುಗಿಸಲಾರದ ಅಕ್ಕಪಕ್ಕದವರು ತಮ್ಮದನ್ನೂ ನನಗೇ ದಾಟಿಸಿದರು. ಬೀಜ ತೆಗೆದು, ನೆನೆಹಾಕಿ, ಬೇಯಿಸಿ, ಯಜಮಾನರ ಹಳೇ ಪಂಚೆಯಲ್ಲಿ ಹಿಂಡಿ, ರಸಕ್ಕೆ ಏಲಕ್ಕಿ ಹಾಕಿ ಮತ್ತೆ ಕುದಿಸಿದೆ. ಕಪ್ಪಗೆ ಹೊಳೆಯುವ ಪಾಕ! ದೋಸೆಗೆ ಹಾಕಿಕೊಂಡು ತಿಂದ ಮೇಲಿನ ಮನೆಯ ಉಡುಪಿಯವರು ಮರುದಿನವೇ ಖಾಲಿ ಬಾಟಲಿ ಹಿಡಿದು ನಿಂತರು. ಇದನ್ನು ಮಾರಿಯೇ ಬಿಡುತ್ತೇನೆ ಎಂದೆ.

ಯಜಮಾನರು ನಕ್ಕರು. “ಅರಬ್ಬರ ಊರಲ್ಲಿ ಖರ್ಜೂರದ ಪಾಕ ಮಾರ್ತೀಯಾ? ಸೂಪರ್‌ಮಾರ್ಕೆಟ್ ತುಂಬ ಅದೇ ಇದೆಯಲ್ಲೇ!”

“ಅದರಲ್ಲಿ ಏಲಕ್ಕಿ ಇಲ್ಲ ಕಣ್ರೀ,” ಎಂದೆ.

ಕೆಳಗಿನ ಗ್ರೋಸರಿಯ ಕಾಸರಗೋಡಿನವರು ಹನ್ನೆರಡು ಬಾಟಲಿ ಇಟ್ಟುಕೊಳ್ಳಲು ಒಪ್ಪಿದರು. ವಾರದೊಳಗೆ ಖಾಲಿಯಾಗದಿದ್ದರೆ ವಾಪಸ್. ಅಂಗಡಿಗೆ ಹೋಗುವ ಮಾಲೆಂದು ನನಗೆ ಎಲ್ಲಿಲ್ಲದ ಶಿಸ್ತು ಬಂತು. ಅದುವರೆಗೆ ಕಣ್ಣಂದಾಜಿನಲ್ಲಿ ಇಳಿಸುತ್ತಿದ್ದವಳು, ಅಂದು ಅಮ್ಮ ಉಂಡೆಗೆ ಪಾಕ ನೋಡುತ್ತಿದ್ದಂತೆ, ಎರಡು ಬೆರಳ ನಡುವೆ ಎಳೆ ಬರುವವರೆಗೂ ಕುದಿಸಿದೆ. ಎಳೆ ಬಂತು. ಬೀಗಿದೆ. ಬಾಟಲಿಗೆ ಸುರಿದು ಕೊಟ್ಟೆ.

ಮಾರನೇ ದಿನ ಅಂಗಡಿಯಿಂದ ಫೋನ್. “ಅಕ್ಕಾ, ನಿಮ್ಮ ಪಾಕ ಹೊರಗೇ ಬರುವುದಿಲ್ಲ ಮಾರಾಯ್ರೆ! ತಲೆಕೆಳಗೆ ಮಾಡಿದರೂ ಅಲ್ಲೇ ಉಂಟು. ಒಬ್ಬರು ಬಗ್ಗಿದ ಚಮಚ ಹಿಡಿದು ಬಂದಿದ್ದಾರೆ.”

ಓಡಿದೆ. ಏಸಿಯ ತಣ್ಣನೆಯ ಗಾಳಿಯಲ್ಲಿ ಬಾಟಲಿಗಳೆಲ್ಲ ಕಲ್ಲಾಗಿ ಕೂತಿದ್ದವು. ಈ ಊರಿನಲ್ಲಿ ನನ್ನದು ಅಂತ ಇದ್ದ ಒಂದೇ ಕೆಲಸ ಅದು. ಬಾಟಲಿಗಳನ್ನು ಚೀಲಕ್ಕೆ ತುಂಬತೊಡಗಿದೆ.

“ನಿಲ್ಲಿ ಅಕ್ಕಾ,” ಎಂದು ಅಂಗಡಿಯವರು ಅವನ್ನೆಲ್ಲ ಎತ್ತಿಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಆಗಸ್ಟ್ ತಿಂಗಳ ಬಿಸಿಲು. ಸ್ವಲ್ಪ ಹೊತ್ತಿಗೆ ಒಂದನ್ನು ಬಗ್ಗಿಸಿದರೆ ಪಾಕ ಮೆಲ್ಲಗೆ ಜಾರಿತು. “ಖಲಾಸ್! ಇಷ್ಟೇ ವಿಷಯ,” ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದರು: ‘ಬಿಸಿಲಲ್ಲಿಟ್ಟು ಬಳಸಿ’.

ಆ ರಟ್ಟು ಓದಿ ನಕ್ಕವರೇ ಕೊಂಡರು. ಗುರುವಾರಕ್ಕೆ ಒಂದೂ ಉಳಿಯಲಿಲ್ಲ. ಮುಂದೆ ನಾನು ಎಳೆ ಬರುವ ಮೊದಲೇ ಒಲೆಯಿಂದ ಇಳಿಸಿದರೆ, ಆ ಗಟ್ಟಿಯದೇ ಬೇಕೆಂದು ಜಗಳಕ್ಕೆ ಬಂದವರೂ ಇದ್ದರು.

ಶುಕ್ರವಾರ ಹಾಲು ತರಲು ಹೋದ ಯಜಮಾನರು ಒಂಥರಾ ಮುಖ ಮಾಡಿಕೊಂಡು ಬಂದರು. ಅಂಗಡಿಯವರು ಗಿರಾಕಿಯೊಬ್ಬರಿಗೆ ಇವರನ್ನು ತೋರಿಸಿ, “ಇವರು ಯಾರು ಗೊತ್ತುಂಟಾ? ನಮ್ಮ ಪಾಕದಕ್ಕನ ಗಂಡ,” ಎಂದರಂತೆ.

“ಅಕೌಂಟೆಂಟ್ ಅಂತ ಹೇಳಬೇಕಿತ್ತು ತಾನೇ?”

“ಹೇಳ್ದೆ ಕಣೆ. ‘ಅದಿರ್ಲಿ, ಮುಂದಿನ ಬಾಟಲಿ ಯಾವಾಗ?’ ಅಂದ್ರು.”

ಅಂದು ಖರ್ಜೂರದ ಬೀಜ ತೆಗೆಯಲು ನನ್ನ ಜೊತೆ ಅವರೂ ಕೂತರು.