ನಾನು ಹೇಳದ ಸುಳ್ಳು

ಸುಜಾತಾ, ಮಂಜುನಾಥ ಕುಡಿಯುತ್ತಾನೆ ಎಂದು ನಿಮ್ಮಪ್ಪನಿಗೆ ನಾನೊಂದು ಸುಳ್ಳು ಹೇಳಬೇಕಾಗಿತ್ತು. ಹೇಳಿ ಎಂದು ಬೇಡಿಕೊಂಡವನು ಮಂಜುನಾಥನೇ. ನಾನು ಹೇಳಲಿಲ್ಲ. ಚಿನ್ನದಂಥ ಹುಡುಗ ಎಂದೆ. ನಿನ್ನ ಮದುವೆ ನಡೆದದ್ದು ಆ ಒಂದು ಮಾತಿನ ಮೇಲೆ — ಏಳು ವರ್ಷ ನೀನು ಪಟ್ಟ ಪಾಡೂ ಅದರ ಮೇಲೆಯೇ.

ಇದರಲ್ಲಿ ಅರ್ಧ ನಿನಗೆ ಗೊತ್ತು, ಉಳಿದರ್ಧ ಗೊತ್ತಿಲ್ಲ. ಎರಡನ್ನೂ ಬರೆಯುತ್ತೇನೆ. ನಡುವೆ ಎಲ್ಲಾದರೂ ನಾನು ಜಾರಿಕೊಳ್ಳಲು ನೋಡುತ್ತಿದ್ದೇನೆ ಅನ್ನಿಸಿದರೆ ಅಲ್ಲಿಗೇ ಓದುವುದನ್ನು ಬಿಟ್ಟುಬಿಡು.

ಮಂಜುನಾಥ ನಮ್ಮ ಶಾಲೆಗೆ ಮೇಷ್ಟ್ರಾಗಿ ಬಂದಾಗ ಅವನಿಗೆ ಇಪ್ಪತ್ತಾರು. ಮಧುಗಿರಿಯಿಂದ ದಿನಾ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ನನ್ನನ್ನು ಅಕ್ಕ ಎನ್ನುತ್ತಿದ್ದ, ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಕೈ ಹಾಕುವಷ್ಟು ಸಲಿಗೆಯಿತ್ತು. ಒಂದು ದಿನ ಪೇಪರಿನಲ್ಲಿ ಸುದ್ದಿ ಬಂತು — ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಇನ್ನು ಅಪರಾಧವಲ್ಲ ಎಂದು ಕೋರ್ಟು ಹೇಳಿದೆ ಎಂದು. ನಮ್ಮ ಪಿ.ಇ. ಮೇಷ್ಟ್ರು ಗಟ್ಟಿಯಾಗಿ ಓದಿ, "ಇನ್ಮೇಲೆ ಮೀಸೆ ಇರೋನು ಮೀಸೆ ಇರೋನಿಗೆ ತಾಳಿ ಕಟ್ತಾನೆ, ಊಟಕ್ಕೆ ಹೋಗ್ಬರೋಣ ರೆಡಿಯಾಗ್ರಪ್ಪ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ಹಾಗೆ. ಮಂಜುನಾಥ ಕಾಪಿ ಪುಸ್ತಕ ತಿದ್ದುತ್ತಿದ್ದ, ತಲೆ ಎತ್ತಲಿಲ್ಲ.

ಅಂದು ಸಂಜೆ ಬಸ್ಸಿಗೆ ಕಾಯುವಾಗ ಅವನೇ ಬಾಯಿಬಿಟ್ಟ. "ಅಕ್ಕ, ನಾನೂ ಅಂಥೋನೇ. ಯಾರಿಗಾದ್ರೂ ಒಬ್ರಿಗೆ ಹೇಳ್ದಿದ್ರೆ ಎದೆ ಒಡ್ದೋಗ್ತದೆ ಅನ್ನಿಸ್ತು." ಬೆಳಿಗ್ಗೆ ನಕ್ಕವಳಿಗೇ ಬಂದು ಹೇಳಿದ. ಅವನಿಗೆ ಬೇರೆ ಯಾರೂ ಇರಲಿಲ್ಲ ಎಂಬುದು ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ. ಆ ಹೊತ್ತಿಗೆ ನನಗೆ ಬಂದದ್ದು ಅಸಹ್ಯ, ಸುಜಾತಾ. ಬೇರೆ ಹೆಸರಿಟ್ಟು ಕರೆಯುವುದಿಲ್ಲ. ಮುಖದಲ್ಲಿ ತೋರಿಸಿಕೊಳ್ಳದೆ, "ಎಲ್ಲ ಸರಿಹೋಗುತ್ತೆ ಬಿಡು" ಎಂದೆ. ಮಾರನೆಯ ದಿನದಿಂದ ಡಬ್ಬಿಯನ್ನು ನಾನೊಬ್ಬಳೇ ಬೇಗ ಮುಗಿಸತೊಡಗಿದೆ. ಅವನಿಗೆ ತಿಳಿಯದೆ ಇರುತ್ತದೆಯೇ.

ಆರು ತಿಂಗಳಿಗೆ ನಿನ್ನ ಸಂಬಂಧ ಬಂತು. ಅದಕ್ಕೆ ಮುಂಚೆ ಬಂದ ಎರಡು ಸಂಬಂಧಗಳನ್ನು ಅವನು ಬೇಡ ಎಂದಿದ್ದ. ಎರಡನೆಯ ಸಲ ಅವನ ತಾಯಿ ಮೂರು ದಿನ ಅನ್ನ ಮುಟ್ಟಿರಲಿಲ್ಲ. "ಹುಡುಗಿ ಅಪ್ಪ ಇಸ್ಕೂಲ್ ಹತ್ರ ವಿಚಾರಿಸೋಕೆ ಬರ್ತಾರಂತೆ ಅಕ್ಕ. ನಾನು ಕುಡೀತೀನಿ ಅಂತ ಹೇಳ್ಬುಡಿ. ನಾನಾಗಿ ಬ್ಯಾಡ ಅಂದ್ರೆ ಅವ್ವ ಉಳಿಯಲ್ಲ. ಅವ್ರಾಗೇ ಬ್ಯಾಡ ಅಂದ್ರೆ ಯಾರೂ ಏನೂ ಅನ್ನಂಗಿಲ್ಲ. ಒಂದು ಹುಡುಗಿ ಬದುಕು ಉಳಿಯುತ್ತೆ" ಎಂದ. ನೋಡು, ನಿನ್ನನ್ನು ಕಾಣುವ ಮುಂಚೆಯೇ ಅವನು ನಿನ್ನ ಬಗ್ಗೆ ಯೋಚಿಸಿದ್ದ.

ನಿಮ್ಮಪ್ಪ ಕೊರಟಗೆರೆ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದರು. ಬಿಸಿಯೂಟದ ಹೊತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಛತ್ರಿ. ಜಗುಲಿಯಲ್ಲಿ ಕೂತು, "ಹುಡುಗನ ಗುಣ ಹೆಂಗಮ್ಮ? ನೀವು ದಿನಾ ಜೊತೆಗಿರೋರು. ನೀವು ಹೂಂ ಅಂದ್ರೆ ಕಣ್ಮುಚ್ಕೊಂಡು ಹೆಣ್ಣು ಕೊಡ್ತೀನಿ" ಎಂದರು. ನಮ್ಮ ಕಡೆ ವಿಚಾರಿಸುವುದು ಎಂದರೆ ಇಷ್ಟೇ ತಾನೇ — ಜೊತೆಯಲ್ಲಿರುವವರ ಒಂದು ಮಾತು. ಆ ಮಾತಿಗೆ ನನ್ನನ್ನು ಹುಡುಕಿಕೊಂಡು ಬಂದರಲ್ಲ ಎಂಬ ಜಂಬ ನನಗೆ. ಕುಡಿಯುತ್ತಾನೆ ಎಂಬ ಮಾತು ಬಾಯವರೆಗೆ ಬಂದಿತ್ತು. ಮದುವೆಯಾದರೆ ಅವನು ಸರಿಹೋಗುತ್ತಾನೆ — ಹೆಂಡತಿ, ಒಂದು ಮಗು — ಎಂದು ನನಗೆ ನಾನೇ ಹೇಳಿಕೊಂಡು ಅದನ್ನು ನುಂಗಿದೆ. "ಚಿನ್ನದಂಥ ಹುಡುಗ. ಕಾಫಿ ಬಿಟ್ರೆ ಬೇರೆ ಚಟ ಇಲ್ಲ" ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನಿಮ್ಮಪ್ಪ ನನಗೆ ಕೈ ಮುಗಿದು ಎದ್ದುಹೋದರು.

ಲಗ್ನಪತ್ರಿಕೆ ಕೊಡಲು ಬಂದಾಗ ಮಂಜುನಾಥ ನನ್ನ ಮುಖ ನೋಡಲಿಲ್ಲ. "ಒಂದು ಸುಳ್ಳು ಕೇಳಿದ್ದೆ. ಅಷ್ಟೂ ಕೊಡೋಕಾಗ್ಲಿಲ್ವಾ ಅಕ್ಕ?" ಎಂದ. ಅಕ್ಕ ಎಂದು ಕರೆದದ್ದು ಅದೇ ಕೊನೆ. ಆಮೇಲೆ ಮೇಡಂ ಆದೆ.

ಮದುವೆಯಾಗಿ ಎರಡು ವರ್ಷಕ್ಕೆ ನೀನು ನನ್ನ ಮನೆಗೆ ಬಂದೆ. ಕೈಯಲ್ಲಿ ಮಕ್ಕಳಾಗಲಿಲ್ಲವೆಂದು ತೋರಿಸಿಕೊಂಡ ಆಸ್ಪತ್ರೆಯ ಫೈಲು. "ಅವ್ರು ಬೈಯಲ್ಲ, ಹೊಡೆಯಲ್ಲ ಅಕ್ಕ. ನನ್ನ ಕಡೆ ನೋಡೋದೂ ಇಲ್ಲ. ನನ್ನಲ್ಲೇನು ಕಮ್ಮಿ ಐತೆ, ನೀವಾದ್ರೂ ಹೇಳಿ" ಎಂದೆ. ನಿನ್ನಲ್ಲಿ ಏನೂ ಕಮ್ಮಿಯಿಲ್ಲ ಎಂದು ಅವನನ್ನು ಬಿಟ್ಟರೆ ಊರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅವನ ಗುಟ್ಟು ಬಿಡದೆಯೂ ಅಷ್ಟನ್ನು ಹೇಳಬಹುದಿತ್ತು. ನಾನು ಹೇಳಿದ್ದು — ಒಳ್ಳೆ ಸೀರೆ ಉಟ್ಟುಕೊ, ಹೂ ಮುಡಿದುಕೊ, ನೀನಾಗೇ ಹತ್ತಿರ ಹೋಗು. ನೀನು ತಲೆಯಾಡಿಸಿ "ಆಯ್ತಕ್ಕ" ಎಂದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಕೊನೆಗೆ ಮಂಜುನಾಥನೇ ನಿನಗೆ ಎಲ್ಲ ಹೇಳಿದ. ನೀನು ತವರಿಗೆ ಹೋದೆ. ಅವನ ಮಾನ ಉಳಿಸಲು ಕಾರಣ ಹೇಳದೆ, ಬಾಳಲಾಗದು ಎಂದಷ್ಟೇ ಹೇಳಿದೆಯಂತೆ. ಇದನ್ನೆಲ್ಲ ಅವನು ಈಗ ತಾನಿರುವ ಶಿರಾದಿಂದ ಬಂದು ನನ್ನ ಮುಂದೆ ಕೂತು ಹೇಳಿದ್ದು ಕಳೆದ ತಿಂಗಳು. ನಿಮ್ಮಪ್ಪ ನಿನಗೆ ಅಂದದ್ದನ್ನೂ ಹೇಳಿದ: "ಮೇಡಂ ಅಂಥೋರು ಚಿನ್ನ ಅಂತ ಹೇಳವ್ರೆ. ತಪ್ಪು ನಿಂದೇ. ಗಂಡನ ಮನೆಗೋಗು, ಇಲ್ಲಿಗೆ ಬರ್ಬ್ಯಾಡ." ನನ್ನ ಮಾತು ಅಷ್ಟು ದೂರ ಬಂದು ನಿನ್ನ ತವರಿನ ಬಾಗಿಲು ಹಾಕಿತ್ತು. ನಾಲ್ಕು ವರ್ಷದಿಂದ ನೀನು ತಿರುಮಣಿ ಹತ್ತಿರ ಸೋಲಾರ್ ಪಾರ್ಕಿನ ಕೆಲಸದವರಿಗೆ ಅಡುಗೆ ಮಾಡಿಹಾಕಿಕೊಂಡು ಒಂಟಿಯಾಗಿದ್ದೀಯ. ನಾನು ಆರಾಮವಾಗಿ ನಿವೃತ್ತಳಾಗಿ, ಸನ್ಮಾನದ ಶಾಲು ಹೊದ್ದುಕೊಂಡು ಬಂದೆ.

ಮೊನ್ನೆ ಸೋಮವಾರ ನಿಮ್ಮಪ್ಪನ ಹತ್ತಿರ ಹೋಗಿದ್ದೆ. ಅಂಗಳದಲ್ಲಿ ಹುಣಸೆಹಣ್ಣು ಬಡಿಯುತ್ತಾ ಕೂತಿದ್ದರು. ನನ್ನನ್ನು ನೋಡಿ ಚಾಪೆ ಹಾಸಿಸಿದರು. ನಾನು ಕೂರಲಿಲ್ಲ. ಹುಡುಗನಿಗೆ ಮದುವೆ ಬೇಡವಾಗಿತ್ತು, ತಪ್ಪಿಸಿ ಎಂದು ನನ್ನನ್ನೇ ಕೇಳಿದ್ದ, ನಾನು ನಿಮ್ಮಿಂದ ಮುಚ್ಚಿಟ್ಟೆ, ನಿಮ್ಮ ಮಗಳದು ಏನೇನೂ ತಪ್ಪಿಲ್ಲ ಎಂದೆ.

"ಯಾಕೆ ಬ್ಯಾಡವಾಗಿತ್ತಂತೆ?"

"ಅದು ಅವನು ಹೇಳಬೇಕಾದ್ದು. ನನ್ನ ತಪ್ಪು ಹೇಳೋಕೆ ನಾನು ಬಂದೆ."

ಅವರು ಬಡಿಯುತ್ತಿದ್ದ ಕೋಲನ್ನು ಕೆಳಗಿಟ್ಟರು. ಆಮೇಲೆ, "ನಿಮ್ಮ ಮಾತು ಹಿಡ್ಕೊಂಡು ಹೆತ್ತ ಮಗಳ್ನ ಅಟ್ಟಿಬುಟ್ಟೆ ಕಣಮ್ಮ" ಎಂದರು. ಬೈಯಲಿಲ್ಲ. ಬೈದಿದ್ದರೆ ನಿಂತು ಕೇಳುತ್ತಿದ್ದೆ. ಒಳಗೆ ಹೋಗಿ ಫೋನು ತಂದು ನನ್ನ ಕೈಗಿಟ್ಟು, "ಅವಳ ನಂಬರ್ ನನ್ನತ್ರ ಇಲ್ಲ. ಹಾಕ್ಕೊಡಿ" ಎಂದರು. ನನ್ನಲ್ಲೂ ಇರಲಿಲ್ಲ. ಮಂಜುನಾಥನನ್ನು ಕೇಳಿ, ಅದರಲ್ಲಿ ನಿನ್ನ ಹೆಸರು ಬರೆದು ಉಳಿಸಿಕೊಟ್ಟೆ. ಅವರು ಅದನ್ನೇ ನೋಡುತ್ತಾ ನಿಂತರು. ಒತ್ತಲು ಅವರಿಗೆ ಧೈರ್ಯ ಬರಲಿಲ್ಲ.

ಅವರು ಇವತ್ತೋ ನಾಳೆಯೋ ಫೋನು ಮಾಡುತ್ತಾರೆ, ಸುಜಾತಾ. ಎತ್ತು. ನಿನ್ನ ನಂಬರು ಈಗ ನನಗೂ ಗೊತ್ತು, ಆದರೆ ನೀನಾಗಿ ಕರೆಯದೆ ನಾನು ಮಾಡುವುದಿಲ್ಲ.